ಭೀಮನಿಗೊಂದು ಜೊತೆ, ಮತ್ತು ಸಾವಿರ ವರ್ಷದ ಹಿಂದಿನ ಕಾಳಿ

ತುಂಬಾ ದಿನ ಆಯ್ತು ಇಲ್ಲಿ ಏನೂ ಬರೆಯದೆ. ಆಫೀಸಿನಲ್ಲಿ ಒಂದು ರಿಲೀಸ್ ಮುಗೀತು ಅನ್ನೋ ಹೊತ್ತಿಗೆ ಇನ್ನೊಂದು ಶುರು. ಹಾಗಂತ ಓದೋದನ್ನೇನೂ ಬಿಟ್ಟಿರಲಿಲ್ಲ. ಈ ಸಲ ಓದಿದ್ದೆಲ್ಲ ನಾಯಿಗಳ ಬಗ್ಗೆ. ನಗಬೇಡಿ, ವಿಷಯ ಸ್ವಲ್ಪ ಗಂಭೀರದ್ದೇ.

ನಮ್ಮ ಮನೆ ಇರೋದು ಕಾರ್ಕಳದಿಂದ ಬಜಗೋಳಿ ಕಡೆ ಹೋಗಿ, ಅಲ್ಲಿಂದ ಇನ್ನೂ ಸ್ವಲ್ಪ ಒಳಗೆ. ಹಿಂದೆ ಗುಡ್ಡ, ಗುಡ್ಡದ ಹಿಂದೆ ಕಾಡು, ಕಾಡಿನ ಹಿಂದೆ ಘಟ್ಟ. ಮನೆಯಲ್ಲಿ ಈಗ ಅಪ್ಪ, ಅಮ್ಮ ಇಬ್ಬರೇ. ಮತ್ತೆ ಭೀಮ. ಭೀಮ ಅಂದರೆ ಗ್ರೇಟ್ ಡೇನ್. ಐವತ್ತೆಂಟು ಕಿಲೋ. ಎದ್ದು ನಿಂತು ಮುಂಗಾಲು ಹೆಗಲ ಮೇಲಿಟ್ಟರೆ ನನಗಿಂತ ಎತ್ತರ. ಮಣಿಪಾಲದಲ್ಲಿ ಓದಲು ಬಂದಿದ್ದ ಹುಡುಗನೊಬ್ಬ ಬಾಡಿಗೆ ರೂಮಿನಲ್ಲಿ ಸಾಕಲು ತಂದಿದ್ದ ಮರಿ ಅದು. ಕೋರ್ಸ್ ಮುಗಿದು ಹುಡುಗ ಊರಿಗೆ ಹೊರಟಾಗ ಮರಿ ಎಂಟು ತಿಂಗಳದ್ದಾಗಿತ್ತು. ಕರೆದುಕೊಂಡು ಹೋಗೋದಕ್ಕೆ ಅವನ ಮನೆಯಲ್ಲಿ ಒಪ್ಪಲಿಲ್ಲವಂತೆ. ಗೆಳೆಯನೊಬ್ಬ ನನಗೆ ಹೇಳಿದ, ನಾನು ಅಪ್ಪನಿಗೆ ಹೇಳಿದೆ, ಅಪ್ಪ ಜೀಪು ಮಾಡಿಕೊಂಡು ಹೋಗಿ ತಂದರು. ಅದಾಗಿ ಐದು ವರ್ಷ.

ಭೀಮ ಬರುವ ಮೊದಲೇ ನಮ್ಮಲ್ಲಿ ಪುಟ್ಟಿ ಇದ್ದಳು. ಊರ ನಾಯಿ, ಕಂದು ಬಣ್ಣ, ಹದಿನೈದು ಕಿಲೋ ಇದ್ದರೆ ಹೆಚ್ಚು. ಭೀಮನನ್ನು ಬೆಳೆಸಿದ್ದು ಅವಳೇ ಅನ್ನಬೇಕು. ಗದರಿಸಿ, ಕಿವಿ ಕಚ್ಚಿ, ಯಾರಿಗೆ ಬೊಗಳಬೇಕು ಯಾರಿಗೆ ಬೊಗಳಬಾರದು ಅಂತ ಕಲಿಸಿ. ಕಳೆದ ಆಟಿ ತಿಂಗಳ ಒಂದು ರಾತ್ರಿ, ಮಳೆ ಹೊಯ್ಯುತ್ತಿದ್ದಾಗ, ಜಗಲಿಯಲ್ಲಿ ಮಲಗಿದ್ದ ಪುಟ್ಟಿಯನ್ನು ಚಿರತೆ ಕೊಂಡುಹೋಯಿತು. ಮಳೆ ಅಂತ ಭೀಮನನ್ನು ಒಳಗೆ ಹಾಕಿದ್ದರು. ಅವನು ಬಾಗಿಲು ಕೆರೆದ, ಮೈಯಿಂದ ಗುದ್ದಿದ. ಅಪ್ಪ ಬಾಗಿಲು ತೆಗೆಯಲಿಲ್ಲ. ತೆಗೆದಿದ್ದರೆ ಏನಾಗುತ್ತಿತ್ತು ಅಂತ ಅಪ್ಪ ಇವತ್ತಿಗೂ ಒಂದು ಮಾತು ಆಡಿಲ್ಲ. ಬಾಗಿಲಿನ ಆ ಗೀರುಗಳಿಗೆ ಪೈಂಟನ್ನೂ ಹೊಡೆಸಿಲ್ಲ.

ಅದಾದ ಮೇಲೆ ಅಮ್ಮನ ಫೋನಿನಲ್ಲಿ ಒಂದೇ ವಿಷಯ. "ಭೀಮ ತಿನ್ನುವುದಿಲ್ಲ ಮಾರಾಯ. ಬೂತಾಯಿ ಬೇಯಿಸಿ ಹಾಕಿದರೂ ಮೂಸಿ ಬಿಟ್ಟು ಹೋಗ್ತಾನೆ. ಗೇಟಿನ ಹತ್ತಿರ ನಿಂತರೆ ನಿಂತದ್ದೇ." ಇನ್ನೊಂದು ನಾಯಿ ತರಬೇಕು ಅನ್ನುವುದರಲ್ಲಿ ಎಲ್ಲರಿಗೂ ಒಮ್ಮತ. ಎಂಥ ನಾಯಿ ಅನ್ನುವುದರಲ್ಲಿ ಮಾತ್ರ ಊರಿಗೊಂದು ಅಭಿಪ್ರಾಯ. ಪಕ್ಕದ ಮನೆಯ ಶೆಟ್ರು "ಇನ್ನೊಂದು ಗ್ರೇಟ್ ಡೇನೇ ತನ್ನಿ, ಜೋಡಿ ಚಂದ ಕಾಣ್ತದೆ" ಅಂದರು. ಅಕ್ಕ "ಒಂದು ಪೊಮೆರೇನಿಯನ್ ಸಾಕು, ಅಮ್ಮನಿಗೆ ಸುಲಭ" ಅಂದಳು. ನಾನು ನನ್ನ ಬುದ್ಧಿಗೆ ತಕ್ಕ ಹಾಗೆ ಒಂದು ಎಕ್ಸೆಲ್ ಶೀಟ್ ಮಾಡಿದೆ. ತಳಿ, ತೂಕ, ಸ್ವಭಾವ, ಖರ್ಚು, ಎಲ್ಲಕ್ಕೂ ಅಂಕ.

ಆ ಶೀಟಿನಲ್ಲಿ ಮೊದಲು ಬಂದದ್ದು ಲ್ಯಾಬ್ರಡಾರ್. ಉಡುಪಿಯಲ್ಲಿ ಒಬ್ಬರು ಮನೆ ಬದಲಿಸುವವರಿದ್ದರು, ಅವರ ಮೂರು ವರ್ಷದ ಗಂಡು ಲ್ಯಾಬ್ರಡಾರನ್ನು ತಂದೆವು. ಸೀದಾ ತಂದು ನಮ್ಮ ಅಂಗಳದಲ್ಲೇ ಬಿಟ್ಟೆವು. ಎರಡು ದಿನ ಗುರ್ ಗುರ್. ಮೂರನೇ ದಿನ ಊಟದ ತಟ್ಟೆಯ ಹತ್ತಿರ ಹತ್ತಿಕೊಂಡಿತು ನೋಡಿ ಜಗಳ. ಬಿಡಿಸಲು ಅಮ್ಮ ಕೈ ಹಾಕಿದರು. ಏಳು ಹೊಲಿಗೆ. ಎರಡೂ ನಾಯಿಗಳಿಗೆ ಇಂಜೆಕ್ಷನ್ ಆಗಿತ್ತು, ಆದರೂ ಅಮ್ಮನಿಗೆ ರೇಬೀಸಿನ ಚುಚ್ಚುಮದ್ದು ತಪ್ಪಲಿಲ್ಲ. ಲ್ಯಾಬ್ರಡಾರ್ ವಾಪಸ್ ಹೋಯಿತು. ತಪ್ಪು ಆ ನಾಯಿಯದಲ್ಲ, ಭೀಮನದ್ದೂ ಅಲ್ಲ. ಶೀಟ್ ಮಾಡಿದವನದ್ದು.

ಆಮೇಲೆ ನಾನು ಓದಲು ಕೂತೆ. ನಮ್ಮ ಜನ ಸಾವಿರಾರು ವರ್ಷದಿಂದ ನಾಯಿ ಸಾಕಿದ್ದಾರಲ್ಲ, ದೊಡ್ಡ ನಾಯಿಗೆ ಜೊತೆ ಯಾವುದು ಅಂತ ಅವರು ಹೇಗೆ ಆರಿಸುತ್ತಿದ್ದರು? ಇದು ಪ್ರಶ್ನೆ.

ಕನ್ನಡಿಗರಿಗೆ ನಾಯಿಯ ಇತಿಹಾಸ ಅಂದ ಕೂಡಲೇ ನೆನಪಾಗಬೇಕಾದದ್ದು ಆತಕೂರಿನ ಕಲ್ಲು. ಇಂಜಿನಿಯರಿಂಗ್ ಓದುವಾಗ ಒಮ್ಮೆ ಬೆಂಗಳೂರಿಗೆ ಬಂದಿದ್ದೆ, ಆಗ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಮ್ಮಿನಲ್ಲಿ ಅದನ್ನು ನೋಡಿದ್ದೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನ ಆತಕೂರಿನಲ್ಲಿ ಸಿಕ್ಕಿದ ಕಲ್ಲು. ಮೇಲೆ ಒಂದು ನಾಯಿ, ಎದುರಿಗೆ ಒಂದು ಕಾಡುಹಂದಿ. ಎರಡೂ ಒಂದರ ಮೇಲೊಂದು ಬಿದ್ದಿವೆ. ಸುತ್ತ ಹಳಗನ್ನಡದ ಅಕ್ಷರ.

ಕಥೆ ಹೀಗೆ. ಕ್ರಿ.ಶ. ೯೪೯ರ ಸುಮಾರು. ಈಗಿನ ತಮಿಳುನಾಡಿನ ತಕ್ಕೋಲದಲ್ಲಿ ರಾಷ್ಟ್ರಕೂಟರ ಮೂರನೇ ಕೃಷ್ಣನಿಗೂ ಚೋಳರಿಗೂ ಯುದ್ಧ. ಕೃಷ್ಣನ ಕಡೆ ಗಂಗರ ಇಮ್ಮಡಿ ಬೂತುಗ. ಆನೆಯ ಮೇಲಿದ್ದ ಚೋಳ ರಾಜಕುಮಾರ ರಾಜಾದಿತ್ಯನನ್ನು ಕೊಂದವನು ಈ ಬೂತುಗ. ಮೆಚ್ಚಿದ ಕೃಷ್ಣ ಅವನಿಗೆ ಬನವಾಸಿ ಹನ್ನೆರಡು ಸಾವಿರ, ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು ಇತ್ಯಾದಿ ನಾಡುಗಳನ್ನು ಕೊಟ್ಟ. ಬೂತುಗನ ಕೈಕೆಳಗೆ ಮಣಲೆರ ಅಂತ ಒಬ್ಬ ವೀರ ಇದ್ದ. ಅವನ ಸಾಹಸಕ್ಕೆ ಮೆಚ್ಚಿ ಬೂತುಗ, ಏನು ಬೇಕೋ ಕೇಳು ಅಂದ. ಎಷ್ಟು ಊರು ಬೇಕಾದರೂ ಕೇಳಬಹುದಿತ್ತು ಪುಣ್ಯಾತ್ಮ. ಅವನು ಕೇಳಿದ್ದು ಬೂತುಗನ ನಾಯಿಯನ್ನು. ಅದರ ಹೆಸರು ಕಾಳಿ.

ಮುಂದೆ ಕೆಳಲೆ ನಾಡಿನ ಬೆಳತೂರಿನ ಪಡುವಣ ಗುಡ್ಡದಲ್ಲಿ ದೊಡ್ಡ ಹಂದಿಯೊಂದರ ಮೇಲೆ ಕಾಳಿಯನ್ನು ಬಿಟ್ಟರು. ನಾಯಿಯೂ ಹಂದಿಯೂ ಕಾದಾಡಿ ಎರಡೂ ಸತ್ತವು. ಆತಕೂರಿನ ಚಲ್ಲೇಶ್ವರ ದೇವಸ್ಥಾನದ ಎದುರು ಕಾಳಿಗೆ ಕಲ್ಲು ನಿಲ್ಲಿಸಿದರು, ಅದರ ಪೂಜೆಗೆ ಭೂಮಿ ಬಿಟ್ಟರು. ಆ ಭೂಮಿ ನೋಡಿಕೊಳ್ಳುವ ಗೊರವ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ತಟ್ಟುತ್ತದೆ ಅಂತ ಬರೆಸಿದ್ದಾರೆ. ಸಾಮ್ರಾಜ್ಯಗಳ ಯುದ್ಧ, ರಾಜಕುಮಾರನ ಸಾವು, ಒಂದು ನಾಯಿ, ಎಲ್ಲ ಒಂದೇ ಕಲ್ಲಿನಲ್ಲಿ.

ಇಂಥ ಕಥೆಯಿಂದ ನಮಗೆ ಏನು ಅನಿಸುತ್ತದೆ ಹೇಳಿ? ದೊಡ್ಡ ನಾಯಿ ಒಂಟಿ ವೀರ. ಒಂದೇ ಸಾಕು. ನನಗೂ ಹಾಗೇ ಅನಿಸಿತ್ತು. ಆದರೆ ಕಲ್ಲು ಹೇಳುವುದು ಸತ್ತ ನಾಯಿಯ ಬಗ್ಗೆ ಮಾತ್ರ. ಆ ದಿನ ಗುಡ್ಡದಲ್ಲಿ ಹಂದಿಯನ್ನು ಮೂಸಿ ಎಬ್ಬಿಸಿದ್ದು ಯಾವ ನಾಯಿ, ಸುತ್ತ ಬೊಗಳಿ ತಡೆದದ್ದು ಯಾವುದು ಅಂತ ಹೇಳುವುದು ಅದರ ಕೆಲಸ ಅಲ್ಲ. ವೀರಗಲ್ಲು ಅಂದರೆ ಒಬ್ಬನ ಕಥೆ. ಬೇಟೆ ಮಾತ್ರ ಒಬ್ಬರ ಕೆಲಸ ಆಗಿರಲೇ ಇಲ್ಲ.

ಇದು ಗೊತ್ತಾದದ್ದು ಪುಸ್ತಕದಿಂದ ಅಲ್ಲ, ಊರಿನ ಗುಡ್ಡೆಮನೆ ಅಜ್ಜನಿಂದ. ಅವರಿಗೆ ಎಂಬತ್ತು ದಾಟಿದೆ. ಹುಡುಗರಾಗಿದ್ದಾಗ ಬೋಂಟೆಗೆ ಹೋದವರು. ಬೋಂಟೆ ಅಂದರೆ ತುಳುವಿನಲ್ಲಿ ಬೇಟೆ. ನಮ್ಮ ಕಡೆ ಬೋಂಟೆ ಅನ್ನುವುದು ಬರೀ ಮಾಂಸದ ಆಸೆ ಅಲ್ಲ, ಅದಕ್ಕೊಂದು ಕಟ್ಟಳೆ ಇತ್ತು. ಫೆಬ್ರವರಿ ಹೊತ್ತಿಗೆ ಬರುವ ಕೆಡ್ಡಸದಲ್ಲಿ, ಭೂಮಿತಾಯಿ ಮುಟ್ಟಾಗುತ್ತಾಳೆ ಅನ್ನುವ ಆ ಮೂರು ದಿನಗಳಲ್ಲಿ, ನೆಲ ಅಗೆಯುವ ಹಾಗಿಲ್ಲ, ಹಸಿ ಕಡಿಯುವ ಹಾಗಿಲ್ಲ. ಊರ ಗಂಡಸರು ಒಟ್ಟಾಗಿ ಬೋಂಟೆಗೆ ಹೋಗುತ್ತಿದ್ದರು. ನಾಯಿಗಳೂ ಒಟ್ಟಾಗಿಯೇ. ಒಂದೊಂದು ಮನೆಯಿಂದ ಒಂದು, ಎರಡು.

ಅಜ್ಜನ ಹತ್ತಿರ ಹೋಗಿ ಕೇಳಿದೆ, "ಅಜ್ಜಾ, ಬೋಂಟೆಗೆ ದೊಡ್ಡ ನಾಯಿ ಒಂದು ಇದ್ದರೆ ಸಾಕಾಗ್ತಿರಲಿಲ್ವಾ?"

ಅಜ್ಜ ನಕ್ಕುಬಿಟ್ಟರು. "ದೊಡ್ಡದು ಒಂದೇ ಹೋದರೆ ಹಂದಿ ಅದರ ಹೊಟ್ಟೆ ಸೀಳಿ ಹಾಕ್ತದೆ ಮಗಾ. ಮೂಸುವುದು ಬೇರೆ, ಕೊರೆಯುವುದು ಬೇರೆ, ಹಿಡಿಯುವುದು ಬೇರೆ. ಮೂಸುವ ನಾಯಿ ಯಾವಾಗಲೂ ಸಣ್ಣದು. ಬಲ್ಲೆಯೊಳಗೆ ನುಗ್ಗಲಿಕ್ಕೆ ಆಗಬೇಕಲ್ಲ. ಅದು ಕೊರೆದ ಮೇಲೆ ದೊಡ್ಡದು ಬರುವುದು." ಮತ್ತೆ ತುಳುವಿನಲ್ಲಿ ಹೇಳಿದರು, "ಒಂಜಿ ನಾಯಿ ಕೊರೆಪುಂಡು, ರಡ್ಡ್ ನಾಯಿ ಕಾಪುಂಡು." ಒಂದು ನಾಯಿ ಬೊಗಳುತ್ತದೆ, ಎರಡು ನಾಯಿ ಕಾಯುತ್ತವೆ.

ಈ ಮಾತು ಕೇಳಿದ ಮೇಲೆ ಭೀಮನ ವಂಶದ ಕಡೆಗೆ ತಿರುಗಿದೆ. ಗ್ರೇಟ್ ಡೇನ್ ಅಂದರೆ ಡೆನ್ಮಾರ್ಕಿನ ನಾಯಿ ಅಂದುಕೊಂಡಿದ್ದೆ. ಡೆನ್ಮಾರ್ಕಿಗೂ ಅದಕ್ಕೂ ಸಂಬಂಧ ಇಲ್ಲವಂತೆ. ಹದಿನೆಂಟನೇ ಶತಮಾನದ ಫ್ರೆಂಚ್ ಪ್ರಕೃತಿ ವಿಜ್ಞಾನಿ ಬುಫಾನ್ ಬಳಸಿದ ಹೆಸರು ಇಂಗ್ಲಿಷಿಗೆ ಹೋಗಿ ಹಾಗೇ ಅಂಟಿಕೊಂಡಿತು. ತಳಿ ಜರ್ಮನರದು. ೧೮೭೮ರಲ್ಲಿ ಬರ್ಲಿನ್ನಿನಲ್ಲಿ ತಜ್ಞರು ಕೂತು ಇವುಗಳನ್ನೆಲ್ಲ ಡಾಯ್ಚ ಡಾಗ, ಅಂದರೆ ಜರ್ಮನ್ ದೊಡ್ಡ ನಾಯಿ, ಅನ್ನುವ ಒಂದೇ ಹೆಸರಿಗೆ ಸೇರಿಸಿದರು. ೧೮೮೦ರಲ್ಲಿ ಲಕ್ಷಣಗಳ ಪಟ್ಟಿ ಆಯಿತು, ೧೮೮೮ರಲ್ಲಿ ಸಂಘ ಆಯಿತು.

ಅದಕ್ಕೂ ಮುಂಚೆ ಇವುಗಳ ಪೂರ್ವಜರ ಕೆಲಸ ಏನು ಗೊತ್ತೇ? ಕಾಡುಹಂದಿ ಹಿಡಿಯುವುದು! ಅಲ್ಲಿನ ರಾಜರು, ಪ್ರಭುಗಳು ಇವನ್ನು ಸಾಕುತ್ತಿದ್ದರು. ತುಂಬಾ ಒಳ್ಳೆಯ ನಾಯಿಗಳನ್ನು ರಾತ್ರಿ ಮಲಗುವ ಕೋಣೆಯಲ್ಲೇ ಇಟ್ಟುಕೊಂಡು, ಕತ್ತಿಗೆ ಚಿನ್ನದ ಲೇಪದ ಪಟ್ಟಿ ಹಾಕುತ್ತಿದ್ದರು. ಕೋಣೆಯ ನಾಯಿ ಅಂತಲೇ ಅವಕ್ಕೆ ಹೆಸರು. ಆದರೆ ಬೇಟೆಯಲ್ಲಿ ಮೊದಲು ಹೋಗುತ್ತಿದ್ದದ್ದು ಇವಲ್ಲ. ಮೊದಲು ಹೋಗುವುದು ಹಂದಿ ಹುಡುಕುವ ಹಗುರ ನಾಯಿಗಳು. ಅವು ಹುಡುಕಿ, ಬೊಗಳಿ, ಹಂದಿಯನ್ನು ಒಂದು ಕಡೆ ನಿಲ್ಲಿಸಿದ ಮೇಲೆ ದೊಡ್ಡ ನಾಯಿಗಳು ಬಂದು ಹಿಡಿಯುತ್ತಿದ್ದವು. ಫ್ರಾನ್ಸ್ ಸ್ನೈಡರ್ಸ್ ಅಂತ ಹದಿನೇಳನೇ ಶತಮಾನದ ಫ್ಲೆಮಿಶ್ ಚಿತ್ರಕಾರ ಇದ್ದ. ಅವನ ಹಂದಿ ಬೇಟೆಯ ಚಿತ್ರಗಳನ್ನು ನೆಟ್ಟಿನಲ್ಲಿ ಹುಡುಕಿ ನೋಡಿ. ಹಂದಿ ಒಂದು, ನಾಯಿಗಳು ಹಿಂಡು. ದಪ್ಪ ನಾಯಿ, ಸಪೂರ ನಾಯಿ, ಎಲ್ಲ ಸೇರಿ.

ಬಜಗೋಳಿಯ ಅಜ್ಜ ಹೇಳಿದ್ದೂ ಜರ್ಮನ್ ಪ್ರಭುಗಳು ಮಾಡಿದ್ದೂ ಒಂದೇ. ಒಬ್ಬರಿಗೊಬ್ಬರು ಪರಿಚಯ ಇಲ್ಲ, ಕಾಡು ಬೇರೆ, ನಾಯಿ ಬೇರೆ. ಹಂದಿ ಮಾತ್ರ ಒಂದೇ ಥರ. ಹಾಗಾಗಿ ಉತ್ತರವೂ ಒಂದೇ ಆಯಿತು.

ನಮ್ಮ ಕಡೆಯವರೂ ನಾಯಿಯ ವಿಷಯವನ್ನು ಲಘುವಾಗಿ ತೆಗೆದುಕೊಂಡವರಲ್ಲ. ಕಲ್ಯಾಣದ ಚಾಲುಕ್ಯರ ಮೂರನೇ ಸೋಮೇಶ್ವರ ಹನ್ನೆರಡನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಅಡುಗೆ, ಸಂಗೀತ, ಆನೆ, ಕುದುರೆಗಳ ಜೊತೆಗೆ ನಾಯಿಗಳಿಗೂ ಒಂದು ಭಾಗ ಉಂಟು. ಸಾರಮೇಯ ವಿನೋದ ಅಂತ ಅದರ ಹೆಸರು. ಒಬ್ಬ ಚಕ್ರವರ್ತಿ ಕೂತು ನಾಯಿಗಳ ಬಗ್ಗೆ ಬರೆಯುವುದೆಂದರೆ ಸುಮ್ಮನೆಯಾ?

ಜೋಡಿಯ ಮಾತು ಬಂದಾಗ ನಮ್ಮ ಮುಧೋಳದ ನಾಯಿಯನ್ನು ಬಿಡುವ ಹಾಗಿಲ್ಲ. ಈಗಿನ ಬಾಗಲಕೋಟೆ ಜಿಲ್ಲೆಯ ಮುಧೋಳದ ಸಂಸ್ಥಾನಿಕರಾಗಿದ್ದ ಮಾಲೋಜಿರಾವ್ ಘೋರ್ಪಡೆಯವರು ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೆ ಒಂದು ಜೊತೆ ನಾಯಿ ಕಾಣಿಕೆ ಕೊಟ್ಟರು, ಅದರಿಂದ ತಳಿಗೆ ಮುಧೋಳದ ಹೆಸರೇ ಬಿತ್ತು ಅಂತ ಎಲ್ಲ ಕಡೆ ಓದಿದ್ದೀರಿ. ಎಷ್ಟೋ ಕಡೆ ಇದು ನಡೆದದ್ದು ೧೯೩೭ರಲ್ಲಿ ಅಂತ ಬರೆದಿರುತ್ತಾರೆ. ಬಗ್ ಹುಡುಕುವುದೇ ನನ್ನ ಹೊಟ್ಟೆಪಾಡು, ಹಾಗಾಗಿ ಹೇಳಿಬಿಡುತ್ತೇನೆ. ಐದನೇ ಜಾರ್ಜ್ ತೀರಿಕೊಂಡದ್ದು ೧೯೩೬ರ ಜನವರಿ ೨೦ಕ್ಕೆ. ೧೯೩೭ರಲ್ಲಿ ಅವನಿಗೆ ನಾಯಿ ಕೊಡಲು ಯಾರಿಂದಲೂ ಸಾಧ್ಯವಿಲ್ಲ! ಕೊಟ್ಟಿದ್ದರೆ ಅದಕ್ಕೂ ಮುಂಚೆ ಇರಬೇಕು, ಇಲ್ಲವೇ ದೊರೆ ಬೇರೆ ಇರಬೇಕು. ಒಬ್ಬರು ತಪ್ಪು ಹಾಕಿದರೆ ಉಳಿದವರು ಕಾಪಿ ಪೇಸ್ಟ್.

ಇಸವಿ ಬಿಡಿ. ನನ್ನ ಗಮನ ಹೋದದ್ದು "ಒಂದು ಜೊತೆ" ಅನ್ನುವ ಮಾತಿಗೆ. ಮುಧೋಳದ ನಾಯಿ ಮೂಗಿನಿಂದಲ್ಲ, ಕಣ್ಣಿನಿಂದ ಬೇಟೆಯಾಡುವ ನಾಯಿ. ಬಯಲಿನಲ್ಲಿ ಮೊಲ ಕಂಡರೆ ಅಟ್ಟಿಸಿ ಹಿಡಿಯುವುದು. ಇಂಥ ನಾಯಿಗಳನ್ನು ಎರಡೆರಡಾಗಿ ಬಿಡುವುದು ಹಳೆಯ ಕ್ರಮ. ಇಂಗ್ಲೆಂಡಿನಲ್ಲೂ ಗ್ರೇಹೌಂಡುಗಳನ್ನು ಜೋಡಿಯಾಗಿಯೇ ಬಿಡುತ್ತಿದ್ದರು. ಓಡುವ ಮೊಲ ಇದ್ದಕ್ಕಿದ್ದ ಹಾಗೆ ತಿರುಗುತ್ತದೆ. ಹಿಂದೆ ಬಿದ್ದ ನಾಯಿ ವೇಗದಲ್ಲಿ ಮುಂದೆ ಹೋಗಿಬಿಡುತ್ತದೆ. ಆಗ ಎರಡನೆಯದು ಬೇಕು. ಇಲ್ಲಿ ಎರಡೂ ಒಂದೇ ತಳಿ ಯಾಕೆ ಅಂದರೆ ಇಬ್ಬರ ಕೆಲಸವೂ ಓಟವೇ. ೨೦೦೫ರಲ್ಲಿ ಅಂಚೆ ಇಲಾಖೆ ನಮ್ಮ ದೇಶದ ನಾಲ್ಕು ನಾಯಿ ತಳಿಗಳ ಸ್ಟಾಂಪ್ ತಂದಾಗ ಮುಧೋಳವೂ ಅದರಲ್ಲಿತ್ತು. ಶೆಟ್ರ ಮಗ "ಮುಧೋಳವನ್ನೇ ತನ್ನಿ" ಅಂತ ಹಟ ಹಿಡಿದಿದ್ದ. ಆದರೆ ಬಯಲಿನಲ್ಲಿ ಮೈಲಿಗಟ್ಟಲೆ ಓಡಬೇಕಾದ ನಾಯಿಯನ್ನು ತಂದು ನಮ್ಮ ಅಡಿಕೆ ತೋಟದ ಕೆಸರಿನಲ್ಲಿ ಕಟ್ಟಿಹಾಕಿದರೆ ಅದಕ್ಕೂ ಸುಖವಿಲ್ಲ, ಭೀಮನಿಗೂ ಇಲ್ಲ. ಎರಡು ಓಟಕ್ಕೇ ಅವನು ಸುಸ್ತು.

ಇಷ್ಟೆಲ್ಲ ಓದಿದ ಮೇಲೆ ನನಗೆ ಹೊಳೆದ ವಿಷಯ ಒಂದೇ. "ಒಂಟಿ ದೊಡ್ಡ ನಾಯಿ" ಅನ್ನುವುದು ಹೊಸ ಸಂಗತಿ. ಹಿಂದೆ ಅದು ಕಲ್ಲಿನ ಮೇಲೆ ಮಾತ್ರ ಇತ್ತು, ಬದುಕಿನಲ್ಲಿ ಇರಲಿಲ್ಲ.

ನಮ್ಮ ಮನೆಯನ್ನೇ ತೆಗೆದುಕೊಳ್ಳಿ. ಅಪ್ಪ ಸಣ್ಣವರಿದ್ದಾಗ ಕಂಪೌಂಡ್ ಅನ್ನುವುದೇ ಇರಲಿಲ್ಲ. ಬೇಲಿ, ಬೇಲಿಗೊಂದು ತಡಮೆ. ತಡಮೆ ದನಕ್ಕೆ ತಡೆ, ನಾಯಿಗೆ ಅಲ್ಲ. ಮನೆಯ ನಾಯಿ ಬೆಳಿಗ್ಗೆ ಗದ್ದೆಗೆ, ಮಧ್ಯಾಹ್ನ ಗುಡ್ಡಕ್ಕೆ, ಸಂಜೆ ನಾಲ್ಕು ಮನೆ ಆಚೆಯ ನಾಯಿಯ ಹತ್ತಿರ ಪಂಚಾತಿಕೆಗೆ. ಎರಡನೇ ನಾಯಿ ತರಬೇಕೇ ಅನ್ನುವ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ, ಯಾಕೆಂದರೆ ವಠಾರದ ನಾಯಿಗಳೆಲ್ಲ ಒಂದೇ ತಂಡ. ಆಮೇಲೆ ೧೯೭೨ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ೧೯೮೭ರಲ್ಲಿ ನಮ್ಮ ಹಿಂದಿನ ಘಟ್ಟದ ಮೇಲೆ ಕುದುರೆಮುಖ ರಾಷ್ಟ್ರೀಯ ಉದ್ಯಾನ ಆಯಿತು. ಬೋಂಟೆ ಅಪರಾಧವಾಯಿತು. ಅದು ಆಗಬೇಕಾದದ್ದೇ, ಅದರ ಬಗ್ಗೆ ತಕರಾರಿಲ್ಲ. ಆದರೆ ಬೋಂಟೆಯ ನಾಯಿಗಳಿಗೆ ಕೆಲಸ ಹೋಯಿತು. ತಂಡವೂ ಹೋಯಿತು. ಅದೇ ಕಾಲಕ್ಕೆ ಬೊಂಬಾಯಿಯ ದುಡ್ಡು, ಗಲ್ಫಿನ ದುಡ್ಡು ಊರಿಗೆ ಬಂದು ಬೇಲಿ ಇದ್ದಲ್ಲಿ ಮುರಕಲ್ಲಿನ ಗೋಡೆ ಎದ್ದಿತು, ಗೇಟು ಬಂತು, ಗೇಟಿನ ಮೇಲೆ "ನಾಯಿ ಇದೆ ಎಚ್ಚರಿಕೆ" ಅನ್ನುವ ಬೋರ್ಡು ಬಂತು. ಬೋರ್ಡಿಗೆ ತಕ್ಕ ಹಾಗೆ ದೊಡ್ಡ ನಾಯಿ ಬಂತು.

ಚಿರತೆ ಮಾತ್ರ ಹಾಗೇ ಉಳಿಯಿತು. ಅದಕ್ಕೆ ಗೋಡೆಯೂ ಒಂದೇ ಬೇಲಿಯೂ ಒಂದೇ. ಹಿಂದೆ ಐದಾರು ನಾಯಿಗಳು ಒಟ್ಟಿಗೆ ಬೊಗಳಿದರೆ ಚಿರತೆ ಯೋಚನೆ ಮಾಡುತ್ತಿತ್ತು. ಈಗ ಜಗಲಿಗೊಂದು ಒಂಟಿ ನಾಯಿ.

ಹಾಗಾದರೆ ಭೀಮನಿಗೆ ಬೇಕಾದದ್ದು ಇನ್ನೊಬ್ಬ ಭೀಮ ಅಲ್ಲ. ಅವನಲ್ಲಿ ಏನಿಲ್ಲವೋ ಅದು ಇರುವ ನಾಯಿ. ಪುಟ್ಟಿ ಅದೇ ಆಗಿದ್ದಳು! ಹಂದಿ ಹುಡುಕುವ ಹಗುರ ನಾಯಿ ಅವಳು, ಅವನು ಕೋಣೆಯ ನಾಯಿ. ಅವಳಿಗೆ ಮೊದಲು ಕೇಳುತ್ತಿತ್ತು, ಮೊದಲು ಬೊಗಳುತ್ತಿದ್ದಳು. ಅವನು ಎದ್ದು ಬಂದು ಅವಳ ಹಿಂದೆ ನಿಲ್ಲುತ್ತಿದ್ದ. ಅವಳು ಹೋದ ಮೇಲೆ ಅವನಿಗೆ ಯಾವಾಗ ಬೊಗಳಬೇಕು ಅಂತಲೇ ಗೊತ್ತಾಗದೆ ಗೇಟಿನ ಹತ್ತಿರ ನಿಂತಿರುತ್ತಿದ್ದ. ನಾವು ಐದು ವರ್ಷ ಕಣ್ಣೆದುರೇ ನೋಡಿದ್ದನ್ನು ನಾನು ಶೀಟಿಗೆ ಹಾಕಿರಲಿಲ್ಲ.

ಮತ್ತೆ ಆರಿಸಲು ಕೂತೆ. ಈ ಸಲ ಕಾರ್ಕಳದ ಪಶುವೈದ್ಯರನ್ನು ಕೂರಿಸಿಕೊಂಡು. ಅವರು ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ, ಯಾರಿಗಾದರೂ ಉಪಯೋಗ ಆಗಬಹುದು. ಗಂಡಿಗೆ ಹೆಣ್ಣು ಜೊತೆ, ಎರಡಕ್ಕೂ ಸಂತಾನಹರಣ ಆಗಿರಬೇಕು. ಗಂಡು ಗಂಡು ಅಥವಾ ಹೆಣ್ಣು ಹೆಣ್ಣು ಆದರೆ ಜಗಳ ಜಾಸ್ತಿ. ಅಂಗೈಯಗಲದ ಮರಿ ಬೇಡ, ಆಟದಲ್ಲಿ ಭೀಮ ಒಂದು ಕಾಲಿಟ್ಟರೂ ಮುಗೀತು. ಪೊಮೆರೇನಿಯನ್ನಿನಂಥ ತೀರಾ ಪುಟಾಣಿಯೂ ಬೇಡ, ಅದೇ ಕಾರಣಕ್ಕೆ. ಹದಿನೈದರಿಂದ ಇಪ್ಪತ್ತು ಕಿಲೋದ, ಪ್ರಾಯಕ್ಕೆ ಬಂದ, ಬೇರೆ ನಾಯಿಗಳ ಜೊತೆ ಬದುಕಿ ಗೊತ್ತಿರುವ ನಾಯಿ ಆಗಬೇಕು. ಮೊದಲ ಭೇಟಿ ನಮ್ಮ ಅಂಗಳದಲ್ಲಿ ಬೇಡವೇ ಬೇಡ, ಎರಡಕ್ಕೂ ಹೊಸದಾದ ಜಾಗ ಆಗಬೇಕು. ಎದುರುಬದುರು ನಿಲ್ಲಿಸಬಾರದು, ಅಕ್ಕಪಕ್ಕ ನಡೆಸಬೇಕು. ಊಟದ ತಟ್ಟೆ ಬೇರೆ ಬೇರೆ ಕೋಣೆಯಲ್ಲಿ. ಇನ್ನೊಂದು ಮಾತನ್ನೂ ಹೇಳಿದರು. "ಗ್ರೇಟ್ ಡೇನ್ ಎಂಟು, ಹತ್ತು ವರ್ಷ ಬದುಕಿದರೆ ದೊಡ್ಡದು. ನಿಮ್ಮವನಿಗೆ ಆಗಲೇ ಐದಾಯ್ತು. ತರುವ ನಾಯಿ ಅವನ ನಂತರವೂ ಇರ್ತದೆ. ಅದನ್ನು ಅವನಿಗೋಸ್ಕರ ಮಾತ್ರ ತರಬೇಡಿ, ನಿಮಗೂ ಬೇಕು ಅಂತಾದರೆ ತನ್ನಿ." ಅಪ್ಪ ಆ ಮಾತಿಗೆ ತುಂಬಾ ಹೊತ್ತು ಏನೂ ಹೇಳಲಿಲ್ಲ. ಆಮೇಲೆ "ಬೇಕು" ಅಂದರು. ಅಷ್ಟೇ. ಭೀಮನಿಗೆ ಆಪರೇಶನ್ ಆಯಿತು, ಎರಡು ತಿಂಗಳು ಕಾದೆವು.

ನಾಯಿ ಸಿಕ್ಕಿದ್ದು ಕಾಪುವಿನಲ್ಲಿ. ೧೯೦೧ರ ದೀಪಸ್ತಂಭ ಇದೆಯಲ್ಲ, ಅದರಿಂದ ಸ್ವಲ್ಪ ಆಚೆ ಕೈರಂಪಣಿ ಬಲೆ ಎಳೆಯುವ ಕಡೆ ಏಳೆಂಟು ನಾಯಿಗಳು ಯಾವಾಗಲೂ ಇರುತ್ತವೆ. ಅಲ್ಲೇ ಹತ್ತಿರದಲ್ಲಿ ಚಿಕ್ಕಮ್ಮನ ಮನೆ. ಎರಡು ವರ್ಷದ ಒಂದು ಕಪ್ಪು ಹೆಣ್ಣು ನಾಯಿ ದಿನಾ ಅವರ ಮನೆ ಬಾಗಿಲಿಗೆ ಬರುತ್ತಿತ್ತು. ಕಿವಿಯ ತುದಿ ಕತ್ತರಿಸಿತ್ತು, ಅಂದರೆ ಸಂತಾನಹರಣ ಆಗಿದೆ ಅಂತ ಗುರುತು. ಚಿಕ್ಕಮ್ಮ ರೇಬೀಸ್ ಇಂಜೆಕ್ಷನ್ ಹಾಕಿಸಿದರು. ಅಪ್ಪ ಭೀಮನನ್ನು ಜೀಪಿನಲ್ಲಿ ಕೂರಿಸಿಕೊಂಡು ಕಾಪುವಿಗೆ ಬಂದರು, ನಾನು ರಜೆ ಹಾಕಿ ರಾತ್ರಿ ಬಸ್ಸಿಗೆ ಹೋದೆ.

ಬೆಳಿಗ್ಗೆ ಆರು ಗಂಟೆಗೆ, ಜನ ಸೇರುವ ಮೊದಲು, ಮರಳಿನಲ್ಲಿ ನಡೆಸಿದೆವು. ಭೀಮನ ಹಗ್ಗ ನನ್ನ ಕೈಯಲ್ಲಿ, ಅವಳದ್ದು ಚಿಕ್ಕಮ್ಮನ ಮಗನ ಕೈಯಲ್ಲಿ. ಮೊದಲು ಇಪ್ಪತ್ತು ಮಾರು ದೂರ, ಆಮೇಲೆ ಹತ್ತು, ಆಮೇಲೆ ಐದು. ಭೀಮ ಸಮುದ್ರ ನೋಡಿದ್ದೇ ಮೊದಲು. ಅಲೆ ಬಂದ ಕೂಡಲೇ ಹೆದರಿ ಹಿಂದೆ ಸರಿದ. ಅವಳಿಗೆ ಅಲೆ ದಿನದ ಮಾತು. ಅವಳು ನೀರಿನಲ್ಲೇ ನಡೆಯುತ್ತಿದ್ದಳು. ಅರ್ಧ ಗಂಟೆಯ ಮೇಲೆ ಅವನು ಅವಳ ಹಿಂದೆ ಹಿಂದೆ, ಕಾಲು ಎತ್ತಿ ಎತ್ತಿ ಇಡುತ್ತಾ ನೀರಿಗೆ ಇಳಿದ. ಅಪ್ಪ ದೂರದಲ್ಲಿ ದೋಣಿಗೆ ಒರಗಿ ನಿಂತಿದ್ದರು. ಏನೂ ಹೇಳಲಿಲ್ಲ, ಆದರೆ ಎಷ್ಟೋ ತಿಂಗಳ ಮೇಲೆ ಅವರು ನಕ್ಕದ್ದನ್ನು ನೋಡಿದೆ.

ಹೀಗೆ ನಾಲ್ಕು ದಿನ ನಡೆಸಿ, ಐದನೇ ದಿನ ಮನೆಗೆ ಕರೆದುಕೊಂಡು ಹೋದೆವು. ಹೆಸರು ಏನಿಡುವುದು ಅಂತ ಬಂದಾಗ ನನಗೆ ಅನುಮಾನವೇ ಇರಲಿಲ್ಲ. ಆತಕೂರಿನ ಕಲ್ಲು ಓದಿ ತಲೆ ತುಂಬಿತ್ತಲ್ಲ, "ಕಾಳಿ" ಅಂದೆ. ಅಮ್ಮ ಬೈದೇಬಿಟ್ಟರು. "ಕಾಪುವಿನ ಮಾರಿಯಮ್ಮನ ಊರಿಂದ ತಂದ ನಾಯಿಗೆ ಅಮ್ಮನ ಹೆಸರು ಇಡ್ತೀಯಾ? ತಲೆ ಸರಿ ಉಂಟಾ ನಿನಗೆ?" ಗಂಗರ ಬೂತುಗ ಇಟ್ಟಿದ್ದ ಅಂದೆ. "ಅವನು ಯಾರಾದರೂ ಆಗಲಿ, ನನ್ನ ಅಂಗಳದಲ್ಲಿ ಬೇಡ" ಅಂದರು. ಈಗ ಅವಳ ಹೆಸರು ಕಾಳು. ಒಂದು ಗುಣಿಸು ಕೊಂಬಾಯಿತು ಅಷ್ಟೇ.

ಬಂದು ಈಗ ಏಳು ತಿಂಗಳು. ಎಲ್ಲ ಸರಿಹೋಯಿತು ಅಂತ ಹೇಳಲಾರೆ. ಕಾಳು ಅಮ್ಮನ ಒಣಮೀನು ಕದ್ದಿದ್ದಾಳೆ, ಶೆಟ್ರ ಕೋಳಿಗೆ ಎರಡು ಸಲ ಹೋಗಿದ್ದಾಳೆ, ಒಂದು ಕೋಳಿಯ ದುಡ್ಡು ಅಪ್ಪ ಕೊಟ್ಟಿದ್ದಾರೆ. ತಟ್ಟೆ ಈಗಲೂ ಬೇರೆ ಬೇರೆ ಕೋಣೆಯಲ್ಲಿ. ಭೀಮ ಮಾತ್ರ ತಿನ್ನುತ್ತಾನೆ. ರಾತ್ರಿ ಎಲ್ಲೋ ಸದ್ದಾದರೆ ಮೊದಲು ಕಾಳುವಿನ ಕಿವಿ ಏಳುತ್ತದೆ, ಅವಳು ಬೊಗಳುತ್ತಾಳೆ, ಅವನು ಎದ್ದು ಬಂದು ಅವಳ ಹಿಂದೆ ನಿಲ್ಲುತ್ತಾನೆ. ಕತ್ತಲಾದ ಕೂಡಲೇ ಅಪ್ಪ ಇಬ್ಬರನ್ನೂ ಒಳಗೆ ಕರೆಯುತ್ತಾರೆ. ಎರಡೂ ಒಳಗೆ ಬರುವವರೆಗೆ ಬಾಗಿಲು ಹಾಕುವುದಿಲ್ಲ. ಇದನ್ನು ಹೇಳಿದ್ದು ಅಮ್ಮ, ಅಪ್ಪ ಅಲ್ಲ.

ಆತಕೂರಿನ ಕಾಳಿಯ ಕಲ್ಲು ಇನ್ನೊಮ್ಮೆ ನೋಡಬೇಕು ಅನ್ನಿಸಿದೆ. ಈ ಸಲ ನಾಯಿಯನ್ನಲ್ಲ, ನಾಯಿಯ ಹಿಂದಿನ ಖಾಲಿ ಜಾಗ ನೋಡಬೇಕು. ಶಿಲ್ಪಿ ಕೆತ್ತದೆ ಬಿಟ್ಟ ಆ ಸಣ್ಣ ನಾಯಿ ಅಲ್ಲೇ ಎಲ್ಲೋ ಇದ್ದಿರಬೇಕು ಅಂತ ನನಗೆ ಗುಮಾನಿ.

ನಿಮ್ಮೂರಿನಲ್ಲಿ ನಾಯಿಯ ವೀರಗಲ್ಲು ಇದ್ದರೆ, ಅಥವಾ ನಿಮ್ಮ ಅಜ್ಜಂದಿರು ಬೇಟೆ ನಾಯಿಗಳ ಬಗ್ಗೆ ಏನಾದರೂ ಹೇಳಿದ್ದರೆ ದಯವಿಟ್ಟು ತಿಳಿಸಿ. ಗುಡ್ಡೆಮನೆ ಅಜ್ಜನ ಹಾಗೆ ಹೇಳುವವರು ಇನ್ನು ಹೆಚ್ಚು ದಿನ ಸಿಗುವುದಿಲ್ಲ. ಕೇಳಿ ಇಟ್ಟುಕೊಳ್ಳೋಣ.